ಮೊದಲು ಬಾಡಿಯೋ, ಲೆನ್ಸೋ? ದುಡ್ಡು ಕೊಡುವ ಮುಂಚೆ ಹಾಕಬೇಕಾದ ಲೆಕ್ಕ

ಕೈಯಲ್ಲಿರುವುದು ಕ್ಯಾನನ್ 1500ಡಿ ಅಥವಾ ನಿಕಾನ್ ಡಿ5600 ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ) ಕ್ಯಾಮೆರಾ. ಜೊತೆಗೆ ಬಾಕ್ಸ್‌ನಲ್ಲೇ ಬಂದ ಎರಡು ಲೆನ್ಸ್. ಒಂದು 18-55 ಎಂಎಂ, ಇನ್ನೊಂದು 55-250 ಅಥವಾ 70-300. ನಮ್ಮಲ್ಲಿ ಫೋಟೊ ಹುಚ್ಚು ಹತ್ತಿದ ಬಹಳಷ್ಟು ಜನರ ಸೆಟ್ ಇದೇ. ಕೆಲವು ವರ್ಷ ಬಳಸಿದ ಮೇಲೆ ಕೈಯಲ್ಲಿ ಒಂದಿಷ್ಟು ದುಡ್ಡು ಕೂಡಿರುತ್ತದೆ. ಫೋಟೊ ಇನ್ನೂ ಚೆನ್ನಾಗಿ ಬರಬೇಕು ಅನ್ನಿಸುತ್ತಿರುತ್ತದೆ. ಹೊಸ ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ತಗೊಳ್ಳೋದಾ, ಒಳ್ಳೆ ಲೆನ್ಸ್ ತಗೊಳ್ಳೋದಾ?

ಯಾರನ್ನು ಕೇಳಿದರೂ "ಮೊದಲು ಲೆನ್ಸ್ ತಗೊಳ್ಳಿ, ಬಾಡಿ ಆಮೇಲೆ ನೋಡೋಣ" ಅಂತಾರೆ. ಹೆಚ್ಚಿನವರ ಮಟ್ಟಿಗೆ ಆ ಮಾತು ನಿಜ. ನನ್ನ ಉತ್ತರವೂ ಬಹುಪಾಲು ಅದೇ. ಆದರೆ ನಿಮ್ಮ ಫೋಟೊ ಎಲ್ಲಿ ಕೆಡುತ್ತಿದೆ ಅಂತ ಗೊತ್ತಿಲ್ಲದೆ ಆ ಮಾತು ಹಿಡಿದು ಹೊರಟರೆ, 60 ಸಾವಿರ ಕೈಬಿಟ್ಟ ಮೇಲೂ ಅದೇ ತೊಂದರೆ ಉಳಿದಿರಬಹುದು. ಹಾಗಾಗಿ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಕೂತು ಮಾಡುವ ಕೆಲಸ ಸ್ವಲ್ಪ ಇದೆ.

ಕೆಟ್ಟ ಫೋಟೊಗಳಿಂದ ಶುರು ಮಾಡಿ

ಆಸೆಪಟ್ಟು ತೆಗೆದು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿ 'ಛೇ' ಅಂದ ಫೋಟೊಗಳಿರುತ್ತವೆ ಅಲ್ವಾ? ಅವನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ. 40-50 ಸಾಕು. ಚೆನ್ನಾಗಿ ಬಂದವು ಈಗ ಬೇಡ. ಒಂದೊಂದನ್ನೂ ಪೂರ್ತಿ ದೊಡ್ಡದು ಮಾಡಿ ನೋಡಿ, ಏನು ಕೆಟ್ಟಿದೆ ಅಂತ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ.

ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ ಅಂತ ಅರ್ಥ. ಹಿಂದಿನ ಗೋಡೆ ಚೂಪಾಗಿದ್ದು ಓಡುವ ಮಗುವಿನ ಕೈಕಾಲು ಮಾತ್ರ ಮಸುಕಾಗಿದ್ದರೆ ಶಟರ್ ಸ್ಪೀಡ್ ಸಾಲದೆ ಹೋಗಿದೆ. ಇವೆರಡೂ ನೋಡಲು ಒಂದೇ ಥರ ಕಂಡರೂ ಮದ್ದು ಬೇರೆ. ಮೊದಲನೆಯದಕ್ಕೆ ಲೆನ್ಸ್ ಅಥವಾ ಬಾಡಿಯಲ್ಲಿರುವ ಸ್ಟೆಬಿಲೈಸೇಶನ್ (ಕೈ ಅಲುಗಾಟ ಸರಿದೂಗಿಸುವ ಸೌಲಭ್ಯ) ನೆರವಾಗುತ್ತದೆ. ಎರಡನೆಯದಕ್ಕೆ ಅದರಿಂದ ಪ್ರಯೋಜನ ಇಲ್ಲ. ಓಡುವ ಮಗುವನ್ನು ಸ್ಟೆಬಿಲೈಸೇಶನ್ ನಿಲ್ಲಿಸಲಾರದು, ವೇಗದ ಶಟರ್ ಮಾತ್ರ ನಿಲ್ಲಿಸೀತು.

ಮುಖದ ಬದಲು ಹಿಂದಿನ ಬಾಗಿಲು ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಎಲ್ಲಾ ಸರಿ ಇದ್ದು ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ನಾಯ್ಸ್ ಕಂಡರೆ ಬೆಳಕು ಸಾಲದೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದೆ. ಹಕ್ಕಿ ಚೌಕಟ್ಟಿನ ಮಧ್ಯೆ ಚುಕ್ಕಿಯಷ್ಟಿದ್ದರೆ ಫೋಕಲ್ ಲೆಂತ್ (ಲೆನ್ಸ್‌ನ ಎಂಎಂ ಅಂಕಿ; ಹೆಚ್ಚಿದಷ್ಟು ದೂರದ್ದು ಹತ್ತಿರ ಕಾಣುತ್ತದೆ) ಸಾಲದು. ಸರಿಯಾದ ಕ್ಷಣ ಎರಡು ಫ್ರೇಮ್‌ಗಳ ನಡುವೆ ಜಾರಿ ಹೋಗಿದ್ದರೆ ಬಾಡಿಯ ವೇಗ ಸಾಲದು.

ಇದರ ಜೊತೆ ಅಂಕಿಗಳನ್ನೂ ನೋಡಿ. ವಿಂಡೋಸ್‌ನಲ್ಲಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ ಡೀಟೇಲ್ಸ್ ತೆರೆದರೆ ಫೋಕಲ್ ಲೆಂತ್, ಅಪರ್ಚರ್ (ಲೆನ್ಸ್‌ನ ಬೆಳಕಿನ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟು ಬೆಳಕು ಹೆಚ್ಚು), ಶಟರ್ ಸ್ಪೀಡ್, ಐಎಸ್‌ಒ ಎಲ್ಲ ಸಿಗುತ್ತದೆ. ಫೋಟೊ ತಿದ್ದುವ ಲೈಟ್‌ರೂಮ್ ತಂತ್ರಾಂಶ ಇದ್ದವರಿಗೆ ಇನ್ನೂ ಸುಲಭ. ಕೆಟ್ಟ ಫೋಟೊಗಳಲ್ಲಿ ಮುಕ್ಕಾಲು ಪಾಲು 250 ಅಥವಾ 300ರಲ್ಲೇ ತೆಗೆದಿದ್ದೀರಾ? ನೀವು ಲೆನ್ಸ್‌ನ ತುದಿಗೆ ತಲೆ ತಾಗಿಸಿದ್ದೀರಿ. ಎಲ್ಲವೂ ಎಫ್ 5.6, ಐಎಸ್‌ಒ 6400 ಅಂತಿದ್ದರೆ ನಿಮ್ಮ ಸಮಸ್ಯೆ ಬೆಳಕಿನದು. ಮಟ ಮಟ ಮಧ್ಯಾಹ್ನ ಐಎಸ್‌ಒ 200, ಶಟರ್ 1/1000 ಇದ್ದೂ ಫೋಟೊ ಕೆಟ್ಟಿದ್ದರೆ ಹೊಸ ಬಾಡಿ, ಹೊಸ ಲೆನ್ಸ್ ಎರಡೂ ಸದ್ಯ ಬೇಡ. ಮುಂದಿನ ಭಾಗ ನಿಮಗಾಗಿಯೇ.

ದುಡ್ಡಿಲ್ಲದೆ ಸರಿಹೋಗುವುದನ್ನು ಮೊದಲು ಸರಿ ಮಾಡಿ

ಆಟೋ ಐಎಸ್‌ಒ ಹಾಕಿ, ಅದರಲ್ಲಿ ಕನಿಷ್ಠ ಶಟರ್ ಸ್ಪೀಡ್ ಹೊಂದಿಸುವ ಸೌಲಭ್ಯ ಇದ್ದರೆ ಜನರ ಫೋಟೊಗೆ 1/250 ಇಡಿ. ಆ ಸೌಲಭ್ಯ ಇಲ್ಲದ ಕ್ಯಾಮೆರಾಗಳಲ್ಲಿ ಶಟರ್ ಪ್ರಯಾರಿಟಿ ಮೋಡ್ (ಶಟರ್ ಸ್ಪೀಡ್ ನೀವೇ ಇಡುವ ಮೋಡ್) ಬಳಸಿ. ಚಲಿಸುವ ವಸ್ತುಗಳಿಗೆ ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೋ ಅನ್ನುವ, ವಸ್ತುವನ್ನು ಹಿಂಬಾಲಿಸುವ ಫೋಕಸ್ ಮೋಡ್ ಹಾಕಿ. ಫೋಕಸ್ ಪಾಯಿಂಟ್ ಅನ್ನು ಕ್ಯಾಮೆರಾದ ಇಷ್ಟಕ್ಕೆ ಬಿಡದೆ ನೀವೇ ಆರಿಸಿ. ಇಷ್ಟು ಮಾಡಿದರೆ ಹಾಳೆಯಲ್ಲಿ ಬರೆದ ಪಟ್ಟಿಯಲ್ಲಿ ಒಂದಷ್ಟು ತಾನೇ ಅಳಿಸಿ ಹೋಗುತ್ತದೆ.

ಇನ್ನೊಂದು, ರಾ ಫೈಲ್‌ನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) ತೆಗೆಯಿರಿ. 2023ರ ಏಪ್ರಿಲ್‌ನಲ್ಲಿ ಲೈಟ್‌ರೂಮ್‌ಗೆ ನಾಯ್ಸ್ ತೆಗೆಯುವ ಎಐ ಡಿನಾಯ್ಸ್ ಬಂತು. ಬಿಸಾಡಬೇಕು ಅಂದುಕೊಂಡ ಐಎಸ್‌ಒ 6400ರ ಹಳೇ ರಾ ಫೈಲ್ ಒಂದನ್ನು ಅದರಲ್ಲಿ ಹಾಕಿ ನೋಡಿ. ನಾಯ್ಸ್ ಕಾರಣಕ್ಕೇ ಹೊಸ ಬಾಡಿ ಬೇಕು ಅಂತಿದ್ದವರಲ್ಲಿ ಹಲವರಿಗೆ ಆಸೆ ಅಲ್ಲೇ ಇಳಿಯುತ್ತದೆ. ಜೆಪೆಗ್ ಮಾತ್ರ ಇಟ್ಟುಕೊಂಡಿದ್ದರೆ ಈ ಲಾಭ ಅಷ್ಟು ಸಿಗದು.

ಬೆಟ್ಟ, ಜಲಪಾತ, ಗುಡಿ ಗೋಪುರ ತೆಗೆಯುವವರಿಗೂ ಇಲ್ಲೇ ಒಂದು ಮಾತು. ಹಂಪಿಯಲ್ಲಿ ಮತಂಗ ಬೆಟ್ಟದ ಮೇಲೆ ಸೂರ್ಯೋದಯಕ್ಕೆ ಕಾಯುತ್ತಿದ್ದೀರಿ, ಎಫ್ 8, ಐಎಸ್‌ಒ 100. ಆ ಅಪರ್ಚರ್‌ನಲ್ಲಿ 18-55 ಕಿಟ್ ಲೆನ್ಸ್ ತುಂಬ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಿಮಗೆ ಬೇಕಿರುವುದು ಗಟ್ಟಿ ಟ್ರೈಪಾಡ್. ಜೋಗದ ಒದ್ದೆ ಬಂಡೆಯ ಹೊಳಪು ಕಡಿಮೆ ಮಾಡಲು ಒಂದು ಪೋಲರೈಸರ್ ಫಿಲ್ಟರ್. ಮನೆಯ ಸಮಾರಂಭ, ನಾಮಕರಣ, ಆರತಕ್ಷತೆ ತೆಗೆಯುವವರಿಗೆ ಒಂದು ಫ್ಲಾಶ್. ಅದನ್ನು ಬಿಳಿ ಸೂರಿನ ಕಡೆಗೆ ತಿರುಗಿಸಿ ಹೊಡೆದರೆ ಆಗುವ ವ್ಯತ್ಯಾಸವನ್ನು ಎಷ್ಟೋ ದುಬಾರಿ ಲೆನ್ಸ್ ಕೊಡಲಾರದು.

ಬೆಳಕೇ ಸಮಸ್ಯೆ ಅಂದರೆ: ಒಂದು ಯಕ್ಷಗಾನದ ಲೆಕ್ಕ

ಲೆನ್ಸ್ ಮೊದಲು ಅನ್ನುವುದು ಯಾಕೆ ಅಂತ ಅಂಕಿಯಲ್ಲೇ ನೋಡೋಣ. ರಾತ್ರಿ ಆಟ. ನೀವು ರಂಗಸ್ಥಳದ ಮುಂದೆ, ಪಕ್ಕಕ್ಕೆ ಕೂತಿದ್ದೀರಿ. ಕಿಟ್ ಲೆನ್ಸ್ 55ಕ್ಕೆ ಎಳೆದರೆ ಅಪರ್ಚರ್ ಎಫ್ 5.6. ಬೆಳಕು ಸಾಧಾರಣ. ಮೀಟರ್ ಹೇಳುತ್ತದೆ: 1/60 ಸೆಕೆಂಡ್, ಐಎಸ್‌ಒ 6400. ವೇಷಧಾರಿ ನಿಂತು ಅರ್ಥ ಹೇಳುವಾಗ ಇದು ಹೇಗೋ ನಡೆಯುತ್ತದೆ. ಆದರೆ ಧಿಗಿಣ (ಸುತ್ತುತ್ತಾ ಹಾರುವ ಕುಣಿತ) ಶುರುವಾದರೆ 1/60ರಲ್ಲಿ ಸಿಗುವುದು ಬಣ್ಣದ ಸುಳಿ ಅಷ್ಟೇ. ಮುಖ, ಗೆಜ್ಜೆ, ಹಾರಿದ ಬಟ್ಟೆ ಎಲ್ಲ ನಿಲ್ಲಬೇಕು ಅಂದರೆ ಕನಿಷ್ಠ 1/500 ಬೇಕು.

1/60ರಿಂದ 1/500ಕ್ಕೆ ಹೋದರೆ ಒಳಗೆ ಬರುವ ಬೆಳಕು ಸುಮಾರು ಎಂಟರಲ್ಲೊಂದು ಪಾಲು. ಅದನ್ನು ತುಂಬಲು ಐಎಸ್‌ಒ 51200 ಆಗಬೇಕು. ಡಿ5600ರ ಐಎಸ್‌ಒ 25600ಕ್ಕೇ ನಿಲ್ಲುತ್ತದೆ. 1500ಡಿಯದು 6400, ವಿಸ್ತರಿಸಿದರೆ 12800. ಅಂದರೆ ಈ ಫೋಟೊ ಆಗುವುದೇ ಇಲ್ಲ.

ಈಗ ಎರಡು ದಾರಿ ಇದೆ. ಫುಲ್ ಫ್ರೇಮ್ ಬಾಡಿ ತಂದು ಅದಕ್ಕೂ ಎಫ್ 5.6ರ ಲೆನ್ಸ್ ಹಾಕಿದಿರಿ ಅನ್ನಿ. ಐಎಸ್‌ಒ 51200 ಹಾಗೇ ಉಳಿಯುತ್ತದೆ. ದೊಡ್ಡ ಸೆನ್ಸರ್ ಆದ್ದರಿಂದ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಎರಡು ಪಟ್ಟು ಬೆಳಕು) ತುಸು ಹೆಚ್ಚು ಶುಭ್ರವಾಗಿ ಬರುತ್ತದೆ, ಅಷ್ಟೇ. ಇನ್ನೊಂದು ದಾರಿ, ಇದ್ದ ಬಾಡಿಗೇ 50 ಎಂಎಂ ಎಫ್ 1.8 ಹಾಕುವುದು. ಎಫ್ 5.6ಕ್ಕಿಂತ ಎಫ್ 1.8ರಲ್ಲಿ ಬರುವ ಬೆಳಕು ಸುಮಾರು 9.7 ಪಟ್ಟು. 51200 ಇದ್ದದ್ದು 5000ದ ಆಸುಪಾಸಿಗೆ ಇಳಿಯುತ್ತದೆ. 1/500 ಕೂಡ ಸಿಕ್ಕಿತು, ಐಎಸ್‌ಒ ಕೂಡ ಹಿಡಿತಕ್ಕೆ ಬಂತು. ಖರ್ಚು ಆ ಬಾಡಿಯ ಬೆಲೆಯ ಸಣ್ಣ ಪಾಲು. ಬೆಳಕಿನ ವಿಷಯದಲ್ಲಿ ನಾನು ಕಣ್ಣು ಮುಚ್ಚಿ ಲೆನ್ಸ್ ಕಡೆ ನಿಲ್ಲುವುದು ಇದಕ್ಕೇ.

ಯಾವ ಫೋಕಲ್ ಲೆಂತ್ ಅನ್ನುವುದಕ್ಕೂ ಇದ್ದ ಲೆನ್ಸೇ ಉತ್ತರ ಹೇಳುತ್ತದೆ. ಒಂದು ವಾರ 18-55 ಅನ್ನು 35ಕ್ಕೆ ಇಟ್ಟು ತಿರುಗಿಸದೆ ತೆಗೆಯಿರಿ, ಇನ್ನೊಂದು ವಾರ 50ಕ್ಕೆ. ಬಣ್ಣ ಹಚ್ಚುವ ಚೌಕಿಯಲ್ಲಿ ಮುಖಕ್ಕೆ ಚುಟ್ಟಿ ಇಡುತ್ತಾ ಕೂತ ಕಲಾವಿದರನ್ನು ಒಪ್ಪಿಗೆ ಪಡೆದು ತೆಗೆಯುವಾಗ ಹಿಂದೆ ಸರಿಯಲು ಜಾಗ ಇರುವುದಿಲ್ಲ, ಅಲ್ಲಿ 35 ಚೆಂದ. ಸಭೆಯಿಂದ ಮುಖಭಾವ ಹಿಡಿಯುವುದಕ್ಕೆ 85 ಎಫ್ 1.8 ಹೇಳಿ ಮಾಡಿಸಿದ್ದು. ಎಫ್ 1.8ರಲ್ಲಿ ಫೋಕಸ್‌ನ ಆಳ ತೀರಾ ತೆಳು ಅನ್ನುವುದು ನೆನಪಿರಲಿ. ಕಿರೀಟದ ಅಂಚು ಚೂಪಾಗಿ ಬಂದು ಕಣ್ಣು ಮಸುಕಾಗುವುದು ಮಾಮೂಲು. ಪಾಯಿಂಟ್ ಕಣ್ಣಿನ ಮೇಲಿಟ್ಟು ಎಫ್ 2.2 ಅಥವಾ 2.5ರಲ್ಲಿ ಕೈ ಪಳಗಿಸಿಕೊಳ್ಳಿ.

ನಿಕಾನ್‌ನವರು ಒಂದು ಕಡೆ ಹುಷಾರಾಗಿರಬೇಕು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ 50 ಎಂಎಂ ಎಫ್ 1.8 'ಡಿ' ಲೆನ್ಸ್ ತುಂಬ ಅಗ್ಗಕ್ಕೆ ಸಿಗುತ್ತದೆ. ಲೆನ್ಸ್ ಒಳ್ಳೆಯದೇ. ಆದರೆ ಅದರೊಳಗೆ ಫೋಕಸ್ ಮೋಟರ್ ಇಲ್ಲ, ಡಿ3500, ಡಿ5600 ಬಾಡಿಗಳಲ್ಲೂ ಇಲ್ಲ. ಎರಡೂ ಸೇರಿದರೆ ಕೈಯಲ್ಲೇ ಫೋಕಸ್ ತಿರುಗಿಸಬೇಕು. ನಿಮಗೆ ಬೇಕಿರುವುದು ಎಎಫ್-ಎಸ್ ಅಂತ ಬರೆದಿರುವ 1.8 'ಜಿ' ಲೆನ್ಸ್.

ಹಕ್ಕಿ, ಪ್ರಾಣಿ ತೆಗೆಯುವವರಿಗೆ

ಇಲ್ಲಿ ಉತ್ತರ ಅಷ್ಟು ನೇರ ಅಲ್ಲ. ಹಕ್ಕಿ ಕೂತಿದೆಯೋ ಹಾರುತ್ತಿದೆಯೋ ಅನ್ನುವುದರ ಮೇಲೆ ನಿಂತಿದೆ.

ಕಬಿನಿಯ ಹಿನ್ನೀರಿನ ಆಚೆ ದಡದಲ್ಲಿ ಕೂತ ಹದ್ದು, ಒಣಮರದ ತುದಿಯ ಗಿಡುಗ, ಇವಕ್ಕೆ 250-300 ಸಾಲದು. ಇಂಥ ಫೋಟೊ ನಿಮ್ಮ ಪಟ್ಟಿಯಲ್ಲಿ ಜಾಸ್ತಿ ಇದ್ದರೆ ಲೆನ್ಸೇ ಮೊದಲು. ಸಿಗ್ಮಾ 150-600 ಕಂಟೆಂಪರರಿ, ಟ್ಯಾಮ್ರಾನ್ 150-600, ನಿಕಾನ್ 200-500 ಎಫ್ 5.6, ಈ ಮೂರೂ ಡಿಎಸ್‌ಎಲ್‌ಆರ್‌ನವರಿಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹುಡುಕಬಹುದಾದ ಲೆನ್ಸ್‌ಗಳು. ತೂಕ ಗಮನಿಸಿ. ಆ ಸಿಗ್ಮಾ 1.9 ಕೆ.ಜಿ. ದಾಟುತ್ತದೆ, ನಿಕಾನ್ 200-500 ಸುಮಾರು 2.3 ಕೆ.ಜಿ. ಡಿ5600 ಬ್ಯಾಟರಿ ಸೇರಿ ಅರ್ಧ ಕೆ.ಜಿ.ಯೂ ಇಲ್ಲ. ನಡೆದು ಹಕ್ಕಿ ಹುಡುಕುವವರಿಗೂ ಜೀಪಿನಲ್ಲಿ ಬೀನ್ ಬ್ಯಾಗ್ ಇಟ್ಟು ಕೂರುವವರಿಗೂ ಈ ತೂಕ ಒಂದೇ ಥರ ಅನ್ನಿಸುವುದಿಲ್ಲ.

ರಂಗನತಿಟ್ಟಿನಲ್ಲಿ ಕಥೆ ಬೇರೆ. ದೋಣಿ ಬಣ್ಣದ ಕೊಕ್ಕರೆಗಳ ಹತ್ತಿರವೇ ಹೋಗುತ್ತದೆ. ಡಿ5600ರಂಥವುಗಳ ಚಿಕ್ಕ ಸೆನ್ಸರ್‌ನಲ್ಲಿ, ಅಂದರೆ ಕ್ರಾಪ್ ಸೆನ್ಸರ್‌ನಲ್ಲಿ, 300 ಅಂದರೆ 450ರ ನೋಟ, ಕೂತ ಹಕ್ಕಿಗೆ ಎಷ್ಟೋ ಸಲ ಸಾಕಾಗುತ್ತದೆ. ಅಲ್ಲಿ ಕೈಕೊಡುವುದು ನೀರಿನ ಮೇಲೆ ಹಾರುವ ರೀವಗಳು (ಟರ್ನ್ ಹಕ್ಕಿಗಳು). 1500ಡಿಯಲ್ಲಿ ಇರುವುದು 9 ಫೋಕಸ್ ಪಾಯಿಂಟ್, ಸೆಕೆಂಡಿಗೆ 3 ಫ್ರೇಮ್. ಹಕ್ಕಿ ಆ ಪಾಯಿಂಟ್‌ಗಳಿಂದ ಜಾರಿದರೆ ಫೋಕಸ್ ಹಿಂದಿನ ಮರಕ್ಕೆ ಓಡುತ್ತದೆ. ಎಷ್ಟೇ ದುಬಾರಿ ಲೆನ್ಸ್ ಹಾಕಿದರೂ ಇದು ಬದಲಾಗದು. 2022ರಲ್ಲಿ ಬಂದ ಕ್ಯಾನನ್ ಆರ್10 ಹಕ್ಕಿಯ ಕಣ್ಣನ್ನೇ ಗುರುತಿಸಿ ಹಿಂಬಾಲಿಸುತ್ತದೆ, ಮೆಕ್ಯಾನಿಕಲ್ ಶಟರ್‌ನಲ್ಲೇ ಸೆಕೆಂಡಿಗೆ 15 ಫ್ರೇಮ್ ತೆಗೆಯುತ್ತದೆ. ಅಡಾಪ್ಟರ್ ಹಾಕಿ ಹಳೇ 55-250 ಅದರಲ್ಲೇ ಬಳಸಬಹುದು. ಹಾರುವ ಹಕ್ಕಿಯೇ ನಿಮ್ಮ ಆಸೆ ಆದರೆ 1500ಡಿಗೆ 150-600 ಹಾಕುವುದಕ್ಕಿಂತ ಆರ್10ಗೆ ಹಳೇ 55-250 ಹಾಕುವುದು ಮೇಲು ಅನ್ನುವುದು ನನ್ನ ಅಭಿಪ್ರಾಯ. ನಿಕಾನ್‌ನಲ್ಲಿ ಝಡ್50-2, ಸೋನಿಯಲ್ಲಿ ಎ6700 ಇದೇ ಕೆಲಸಕ್ಕೆ ಬರುತ್ತವೆ.

ಹಕ್ಕಿ ತೆಗೆಯುವವರು ಫುಲ್ ಫ್ರೇಮ್ ಆಸೆಗೆ ಬೀಳುವ ಮುಂಚೆ ಎರಡು ಸಲ ಯೋಚಿಸಬೇಕು. ಕ್ರಾಪ್‌ನಲ್ಲಿ 450ರ ಹಾಗೆ ಕಾಣುತ್ತಿದ್ದ 300 ಅಲ್ಲಿ ಬರೀ 300. ಹಕ್ಕಿ ಇನ್ನೂ ದೂರ ಹೋದ ಹಾಗೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಚಿತ್ರವನ್ನು ಮೊದಲಿನ ನೋಟಕ್ಕೆ ಕತ್ತರಿಸಿದರೆ ಉಳಿಯುವುದು 10 ಮೆಗಾಪಿಕ್ಸೆಲ್ ಆಸುಪಾಸು.

ಇನ್ನು ರಾಣೆಬೆನ್ನೂರಿನ ಬಯಲಲ್ಲಿ ಮಧ್ಯಾಹ್ನ ಕೃಷ್ಣಮೃಗ ತೆಗೆದು 'ಲೆನ್ಸ್ ಶಾರ್ಪ್ ಇಲ್ಲ' ಅನ್ನುವವರು ನೆಲದಿಂದ ಏಳುವ ಬಿಸಿಲ ಝಳವನ್ನು ಗಮನಿಸಬೇಕು. ದೂರದ ಪ್ರಾಣಿ ಆ ಗಾಳಿಯಲ್ಲಿ ಕದಡಿದ ಹಾಗೆ ಕಾಣುತ್ತದೆ. ಬೆಳಗ್ಗೆ ಬೇಗ ಹೋಗುವುದೇ ಇದಕ್ಕೆ ಮದ್ದು.

ಬಾಡಿಯೇ ಮೊದಲು ಆಗಬೇಕಾದವರು

ದುಡ್ಡು ತೆಗೆದುಕೊಂಡು ಮದುವೆ ತೆಗೆಯುತ್ತಿದ್ದೀರಾ? ಹಾಗಾದರೆ ಎರಡು ಕಾರ್ಡ್ ಸ್ಲಾಟ್ ಇರುವ ಬಾಡಿ ಮೊದಲು. ಮಾಂಗಲ್ಯಧಾರಣೆ ಇನ್ನೊಮ್ಮೆ ಆಗುವುದಿಲ್ಲ. ಒಂದು ಕಾರ್ಡ್ ಕೆಟ್ಟರೆ ಇನ್ನೊಂದರಲ್ಲಿ ಅದೇ ಫೋಟೊ ಇರಬೇಕು. ಸೋನಿ ಎ7-3, ಕ್ಯಾನನ್ ಆರ್6, ನಿಕಾನ್ ಝಡ್6-2 ಮೂರರಲ್ಲೂ ಈ ಸೌಲಭ್ಯ ಇದೆ, ಮೂರೂ ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡುತ್ತವೆ. ಹಳೇ ಬಾಡಿ ಮಾರಬೇಡಿ, ಬ್ಯಾಗಿನಲ್ಲಿ ಇರಲಿ. ಕ್ಯಾಮೆರಾ ಕೈಕೊಟ್ಟ ದಿನ ಅದೇ ನಿಮ್ಮ ಮಾನ ಕಾಯುವುದು.

ವಿಡಿಯೊ ಮಾಡುವವರಿಗೂ ಬಾಡಿಯೇ. 1500ಡಿ, ಡಿ5600 ಎರಡೂ 4ಕೆ ತೆಗೆಯುವುದಿಲ್ಲ. ಪರದೆ ನೋಡಿ ತೆಗೆಯುವಾಗ ಅವುಗಳ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಅದು ಬಾಡಿಯ ಕೆಲಸ, ಲೆನ್ಸ್ ಬದಲಿಸಿದರೆ ಹೋಗುವಂಥದ್ದಲ್ಲ.

ಮೌಂಟ್ ನೋಡಿ ಹಣ ಹಾಕಿ

ಮೌಂಟ್ ಅಂದರೆ ಲೆನ್ಸ್ ಬಾಡಿಯ ಮೇಲೆ ಕೂರುವ ಜಾಗ. ಕ್ಯಾನನ್ ಇಎಫ್ ಮೌಂಟ್ ಬಂದದ್ದು 1987ರಲ್ಲಿ, ನಿಕಾನ್ ಎಫ್ ಮೌಂಟ್ 1959ರಲ್ಲಿ. 2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಿಗಾಗಿ ಆರ್‌ಎಫ್ ಮತ್ತು ಝಡ್ ಮೌಂಟ್ ತಂದವು. 2020ರ ಮೇಲೆ ನಿಕಾನ್ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಹಾಗಂತ ಹಳೇ ಲೆನ್ಸ್ ತಗೊಂಡರೆ ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಹೆದರಬೇಕಿಲ್ಲ. ಕ್ಯಾನನ್ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಕಂಪನಿಯ ಅಡಾಪ್ಟರ್ ಮೂಲಕ ಆರ್ ಬಾಡಿಗಳಲ್ಲಿ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳು ನಡೆಯುತ್ತವೆ, 'ಡಿ' ಲೆನ್ಸ್‌ಗಳಲ್ಲಿ ಆಟೋಫೋಕಸ್ ಇಲ್ಲ. ಇದರ ಉಲ್ಟಾ ಮಾತ್ರ ಆಗದು. ಆರ್‌ಎಫ್ ಅಥವಾ ಝಡ್ ಲೆನ್ಸ್ ಡಿಎಸ್‌ಎಲ್‌ಆರ್‌ಗೆ ಹಿಡಿಯುವುದೇ ಇಲ್ಲ.

ಇದರಿಂದ ನಾನು ಪಾಲಿಸುವ ಕ್ರಮ ಇದು: ಡಿಎಸ್‌ಎಲ್‌ಆರ್‌ಗೆ ಹೊಸ ದುಬಾರಿ ಲೆನ್ಸ್ ಬೇಡ, ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಕ್ಕರೆ ಖಂಡಿತ ತಗೊಳ್ಳಿ. ಇನ್ನೊಂದೆರಡು ವರ್ಷದಲ್ಲಿ ಮಿರರ್‌ಲೆಸ್‌ಗೆ ಹೋಗುವುದು ಖಚಿತ ಅಂದರೆ ದೊಡ್ಡ ಖರ್ಚನ್ನು ಅಲ್ಲಿಯವರೆಗೆ ತಡೆದುಕೊಳ್ಳಿ. ಸೋನಿ ಎ6000 ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ, ಮೌಂಟ್ ಅದೇ ಮುಂದುವರಿದಿದೆ.

ಬಾಡಿ ಬದಲಿಸುವಾಗ ಪಕ್ಕದ ಖರ್ಚೂ ಬರೆದುಕೊಳ್ಳಿ. ಅಡಾಪ್ಟರ್, ಎರಡನೇ ಬ್ಯಾಟರಿ, ವೇಗದ ಕಾರ್ಡ್. 1500ಡಿಯ ಬ್ಯಾಟರಿ ಆರ್10ಗೆ ಆಗುವುದಿಲ್ಲ, ಡಿ5600ರದು ಝಡ್50-2ಗೆ ಆಗುವುದಿಲ್ಲ.

ಒಮ್ಮೆ ಬಾಡಿಗೆಗೆ ತಂದು ನೋಡಿ

ಬೆಂಗಳೂರಿನಲ್ಲಿ ಲೆನ್ಸ್, ಬಾಡಿ ಎರಡನ್ನೂ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಗುರುತಿನ ಚೀಟಿ, ಕೆಲವು ಕಡೆ ಡೆಪಾಸಿಟ್ ಕೇಳುತ್ತಾರೆ. ಬೇರೆ ಊರಿನಲ್ಲಿದ್ದರೆ ಪರಿಚಯದ ಮದುವೆ ಫೋಟೊಗ್ರಾಫರ್ ಒಬ್ಬರನ್ನು ಕೇಳಿ ನೋಡಿ. ತಂದದ್ದನ್ನು ಮನೆಯ ಹೂಕುಂಡದ ಮೇಲೆ ಪರೀಕ್ಷೆ ಮಾಡಬೇಡಿ. ನಿಮ್ಮ ಫೋಟೊ ಎಲ್ಲಿ ಕೆಟ್ಟಿತ್ತೋ ಅಲ್ಲಿಗೇ ಒಯ್ಯಿರಿ. ಅದೇ ಸಭಾಂಗಣ, ಅದೇ ಕೆರೆ, ಅದೇ ಹೊತ್ತು. ಲೆನ್ಸ್ ಮೇಲೆ ಅನುಮಾನ ಇದ್ದರೆ ಲೆನ್ಸ್ ಮಾತ್ರ ಬದಲಿಸಿ, ಬಾಡಿ ಹಳೆಯದೇ ಇರಲಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸುಧಾರಿಸಿತು ಅಂತ ಗೊತ್ತಾಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೈಗೆ ಬಂದಾಗ

ನಮ್ಮ ಕರಾವಳಿ, ಮಲೆನಾಡಿನಲ್ಲಿ ಲೆನ್ಸ್‌ನ ದೊಡ್ಡ ಶತ್ರು ಫಂಗಸ್. ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಹಾಕಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಕೂದಲೆಳೆಯ ಹಾಗೆ, ಜೇಡರ ಬಲೆಯ ಹಾಗೆ ಕವಲೊಡೆದ ಗೆರೆ ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಬೇಡ ಅನ್ನಿ. ನಂತರ ನಿಮ್ಮ ಕ್ಯಾಮೆರಾಗೆ ಹಾಕಿ ಇಟ್ಟಿಗೆ ಗೋಡೆಯನ್ನೋ ಗೋಡೆಗೆ ಅಂಟಿಸಿದ ಪೇಪರನ್ನೋ ನೇರಕ್ಕೆ ನಿಂತು ತೆಗೆಯಿರಿ. ನಾಲ್ಕು ಮೂಲೆಯಲ್ಲಿ ಒಂದು ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಪಕ್ಕಕ್ಕೆ ಜರುಗಿದೆ, ಲೆನ್ಸ್ ಬಿದ್ದಿರಬಹುದು. ಝೂಮ್‌ನ ಎರಡೂ ತುದಿಯಲ್ಲಿ ಫೋಕಸ್ ಪರೀಕ್ಷಿಸಿ. ಬಾಡಿ ಕೊಳ್ಳುವುದಾದರೆ ಶಟರ್ ಕೌಂಟ್ (ಈವರೆಗೆ ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ) ಕೇಳಿ, ಬಿಲ್ಲಿನ ಸೀರಿಯಲ್ ನಂಬರ್ ಬಾಡಿಯ ಮೇಲಿನದಕ್ಕೆ ತಾಳೆ ಆಗುತ್ತದಾ ನೋಡಿ.

ತಂದ ಮೇಲೆ ಅದನ್ನು ಬಟ್ಟೆಯ ಬೀರುವಿನಲ್ಲಿ, ಬ್ಯಾಗಿನೊಳಗೆ ಮುಚ್ಚಿಡಬೇಡಿ. ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 50 ಪರ್ಸೆಂಟ್ ಇರಲಿ. ಇಲ್ಲದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಸಣ್ಣ ತೇವಾಂಶ ಮೀಟರ್. ಜೆಲ್‌ನ ಬಣ್ಣ ತಿರುಗಿದರೆ ಒಣಗಿಸಿ ಮತ್ತೆ ಹಾಕಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಲೆನ್ಸ್ ಹೊರಗೆ ತೆಗೆದು ನಾಲ್ಕು ಫೋಟೊ ತೆಗೆಯಿರಿ.